ಹೆಸರು ಮತ್ತು ಗುರುತುಸಂಖ್ಯೆ: ಹೊನ್ನಾಳಿ ಸೀಮೆಯ ಶಾಸನಗಳ ನಿಮಿತ್ತವಾಗಿ ಒಂದು ವಿವೇಚನೆ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗವೆಂಬ ಊರು ಇದೆ. ಅದರ ಸುತ್ತಣ ಸೀಮೆ ಕರ್ಣಾಟಕದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಅಪರಿಚಿತವಾದುದಲ್ಲ. ಒಂದು ಕಡೆ ಕದಂಬರ ನೆನಪನ್ನು ಉಳಿಸಿಕೊಂಡಿರುವ ತಾಳಗುಂದ, ಕಾಳಾಮುಖ ಮಠಗಳಿಗೂ ಶಿಲ್ಪಿಗಳಿಗೂ ಹೆಸರಾದ ಬಳ್ಳಿಗಾವೆ. ಇನ್ನೊಂದು ಕಡೆ ಸಿಂದರ ಒಂದು ಶಾಖೆಯವರು ಆಳಿದ ಬೆಳಗುತ್ತಿ. ಈ ಸೀಮೆಯ ಶಾಸನಗಳನ್ನೂ ಅವುಗಳಲ್ಲಿ ಬರುವ ವ್ಯಕ್ತಿಗಳನ್ನೂ ಒಂದು ಪಟ್ಟಿಗೆ ತರಬೇಕೆಂದು ಒಬ್ಬ ವಿದ್ಯಾರ್ಥಿ ಇಂದು ಹೊರಟನೆಂದು ಭಾವಿಸೋಣ. ಶಾಸನಗಳನ್ನು ಓದುವುದಕ್ಕೆ ಮೊದಲೇ ಅವನಿಗೆ ಒಂದು ತೊಡಕು ಎದುರಾಗುತ್ತದೆ. ಅವನು ಹುಡುಕುವ ಊರು ಯಾವ ತಾಲ್ಲೂಕಿನದು, ಯಾವ ಜಿಲ್ಲೆಯದು?

ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ಣಾಟಿಕ’ದ ಏಳನೆಯ ಸಂಪುಟವನ್ನು 1902ರಲ್ಲಿ ಪ್ರಕಟಿಸಿದಾಗ ಸವಳಂಗದ ಸೀಮೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹೊನ್ನಾಳಿಯೂ ಚನ್ನಗಿರಿಯೂ ಶಿವಮೊಗ್ಗದಿಂದ ಬೇರ್ಪಟ್ಟು ಅದಕ್ಕೆ ಸೇರಿದುವು. ಜಗಳೂರು, ಹರಿಹರ, ದಾವಣಗೆರೆಗಳು ಚಿತ್ರದುರ್ಗದಿಂದ ಬಂದುವು. 2018ರಲ್ಲಿ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಗಿ, ಸವಳಂಗ ಈಗ ಅದರಲ್ಲಿದೆ. ಆದುದರಿಂದ ಇಂದಿನ ದಾವಣಗೆರೆ ಜಿಲ್ಲೆಯ ಶಾಸನಗಳನ್ನು ನೋಡಬೇಕಾದವನು ರೈಸ್ ಅವರ ಶಿವಮೊಗ್ಗ ಸಂಪುಟವನ್ನೂ 1903ರ ಚಿತ್ರದುರ್ಗ ಸಂಪುಟವನ್ನೂ ಎರಡನ್ನೂ ತೆರೆಯಬೇಕು. ‘ನ್ಯಾಮತಿ ತಾಲ್ಲೂಕು’ ಎಂದು ಹುಡುಕಿದರೆ ಯಾವುದರಲ್ಲಿಯೂ ಏನೂ ಸಿಕ್ಕುವುದಿಲ್ಲ. ಊರಿನ ಹೆಸರೂ ಸ್ಥಿರವಲ್ಲ. ಬೆಳಗುತ್ತಿಯನ್ನು ಶಾಸನಗಳು ‘ಬೆಳಗವತ್ತಿ’ ಎನ್ನುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಸವಳಂಗವನ್ನು ಎರಡು ಬಗೆಯಾಗಿ, ನ್ಯಾಮತಿಯನ್ನು ಎರಡು ಬಗೆಯಾಗಿ ಬರೆಯುವುದು ರೂಢಿಯಲ್ಲಿದೆ. ಮನುಷ್ಯನ ಕಣ್ಣು ಇವು ಒಂದೇ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಯಂತ್ರಕ್ಕೆ ಅವು ಬೇರೆಬೇರೆ ಊರುಗಳು.

ಹೆಸರುಗಳು ಹೀಗೆ ಅಲುಗಾಡುವುದರಿಂದಲೇ ವಿದ್ವಾಂಸರು ಸಂಖ್ಯೆಗಳ ಮೊರೆಹೊಕ್ಕದ್ದು. ಈಚಿನ ವರ್ಷಗಳಲ್ಲಿ ಲೋಕದ ದೊಡ್ಡ ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ತಮ್ಮ ಸೂಚಿಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿವೆ. ಹಂಚಿಕೊಂಡ ದತ್ತಾಂಶಕೋಶದಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಪ್ರತಿಯೊಂದು ಕೃತಿಗೂ ಬೇರೊಂದಕ್ಕೆ ಇಲ್ಲದ ಒಂದು ಗುರುತುಸಂಖ್ಯೆಯನ್ನು ಕೊಡುವುದು ಈ ವ್ಯವಸ್ಥೆಯ ಬುನಾದಿ. ಇದು ಗ್ರಂಥಪಾಲಕರಿಗೆ ಮಾತ್ರ ಸಂಬಂಧಿಸಿದ ಕೆಲಸವೆಂದು ಇತಿಹಾಸದ ಅಧ್ಯಾಪಕರು ಸುಮ್ಮನಿರುವಂತಿಲ್ಲವೆಂಬುದೂ, ಸಂಖ್ಯೆಯನ್ನು ಕೊಡುವ ಕಾರ್ಯದಲ್ಲಿ ನಮ್ಮ ಶಾಸ್ತ್ರದ ತೀರ್ಪೇ ಅಡಗಿರುವುದೆಂಬುದೂ ನಮ್ಮ ಅಭಿಪ್ರಾಯ. ಅದನ್ನು ನಮಗೆ ಹತ್ತಿರದ ಸಾಮಗ್ರಿಯಿಂದಲೇ ವಿಶದಪಡಿಸಲು ಇಲ್ಲಿ ಯತ್ನಿಸಿದ್ದೇವೆ.

ಕನ್ನಡ ನಾಡಿಗೆ ಗುರುತುಸಂಖ್ಯೆ ಹೊಸತಲ್ಲ. 1886ರಿಂದ 1905ರ ವರೆಗೆ ಹನ್ನೆರಡು ಸಂಪುಟಗಳಾಗಿ ಹೊರಬಂದ ‘ಎಪಿಗ್ರಾಫಿಯ ಕರ್ಣಾಟಿಕ’ದಲ್ಲಿ ಸುಮಾರು 9,000 ಶಾಸನಗಳಿವೆ. ಅವುಗಳಲ್ಲಿ ಬಹುಪಾಲಿಗೆ ತಾಲ್ಲೂಕಿನ ಹೆಸರಿನ ಸಂಕ್ಷೇಪಾಕ್ಷರವೂ ಒಂದು ಕ್ರಮಸಂಖ್ಯೆಯೂ ಸೇರಿ ಗುರುತಾಗುತ್ತದೆ. ‘ಶಿಕಾರಿಪುರ 176’ ಎಂದೊಡನೆ ಮೈಸೂರಿನಲ್ಲಿರುವ ವಿದ್ವಾಂಸನಿಗೂ ಲಂಡನ್ನಿನಲ್ಲಿರುವವನಿಗೂ ತಾಳಗುಂದದ ಸ್ತಂಭಶಾಸನವೇ ಕಣ್ಣೆದುರು ಬರುತ್ತದೆ. ಕುಬ್ಜನೆಂಬ ಕವಿ ರಚಿಸಿದ, ಕದಂಬ ವಂಶದ ಮೂಲವನ್ನು ಹೇಳುವ ಆ ಶಾಸನವನ್ನು ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅವರು ‘ಎಪಿಗ್ರಾಫಿಯ ಇಂಡಿಕ’ದ ಎಂಟನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಹೀಗೆ ಒಂದೇ ಶಾಸನಕ್ಕೆ ಎರಡು ವಿಳಾಸಗಳಾದುವು. ಆದರೂ ಎರಡೂ ಒಂದನ್ನೇ ಸೂಚಿಸುತ್ತವೆಂದು ಬಲ್ಲವರು ಇರುವವರೆಗೆ ಬಾಧಕವಿಲ್ಲ. ಒಂದು ಶತಮಾನಕ್ಕೂ ಮೀರಿ ಸಾವಿರಾರು ಅಡಿಟಿಪ್ಪಣಿಗಳ ಭಾರವನ್ನು ಈ ಚಿಕ್ಕ ಸಂಖ್ಯೆಗಳು ಹೊತ್ತುಕೊಂಡು ಬಂದಿವೆ. ರೈಸ್ ಅವರ ಪಾಠಗಳಲ್ಲಿ ತಿದ್ದಬೇಕಾದುದು ಸಾಕಷ್ಟಿರಬಹುದು. ಅವರು ಕೊಟ್ಟ ಸಂಖ್ಯೆಯ ಉಪಕಾರವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಆದರೆ ಆ ಸಂಖ್ಯೆಯೊಳಗೆ ತಾಲ್ಲೂಕು ಸೇರಿಕೊಂಡಿದೆ. ಹರಿಹರದ ದೃಷ್ಟಾಂತವನ್ನು ನೋಡಬಹುದು. ಹೊಯ್ಸಳ ದಂಡನಾಥ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಅನೇಕ ಶಾಸನಗಳಿವೆ. ರೈಸ್ ಅವರ ಸಂಪುಟದಲ್ಲಿ ಅವು ‘ದಾವಣಗೆರೆ’ ಸಂಖ್ಯೆಗಳಲ್ಲಿ ಸಿಕ್ಕುತ್ತವೆ; ಅಂದು ಹರಿಹರ ಆ ತಾಲ್ಲೂಕಿನೊಳಗೆ ಸೇರಿದ್ದುದೇ ಕಾರಣ. ಇಂದಿನ ವಿದ್ಯಾರ್ಥಿ ಅವನ್ನು ದಾವಣಗೆರೆ ನಗರದ ಶಾಸನಗಳೆಂದು ತಿಳಿದರೆ ತಪ್ಪು ಅವನದೆನ್ನಲು ಬರುವುದಿಲ್ಲ. ಗುರುತಿನೊಳಗೇ ಒಂದು ಮಾಹಿತಿಯನ್ನು ಹುದುಗಿಸಿಟ್ಟರೆ, ಆ ಮಾಹಿತಿ ಬದಲಾದ ದಿನ ಗುರುತು ಸುಳ್ಳು ಹೇಳತೊಡಗುತ್ತದೆ. ಆಗ ಇರುವ ದಾರಿಗಳು ಎರಡೇ. ಒಂದು, ಹಳೆಯ ಗುರುತನ್ನು ಹಾಗೆಯೇ ಉಳಿಸಿ, ಅದರಲ್ಲಿನ ಊರಿನ ಹೆಸರಿಗೆ ಅರ್ಥವಿಲ್ಲವೆಂದು ಎಲ್ಲರಿಗೂ ಕಲಿಸುವುದು. ಎರಡು, ಹೊಸ ಸಂಖ್ಯೆಗಳನ್ನು ಕೊಡುವುದು.

ಎರಡನೆಯ ದಾರಿಯ ಫಲವೇನೆಂಬುದನ್ನು ಶ್ರವಣಬೆಳಗೊಳದ ಸಂಪುಟ ತೋರಿಸುತ್ತದೆ. 1889ರಲ್ಲಿ ರೈಸ್ ಅವರು ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕರಣದಲ್ಲಿ ಶಾಸನಗಳ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಆರಂಭಿಸಿದ ಪರಿಷ್ಕೃತ ಮಾಲೆಯಲ್ಲಿ ಇದೇ ಸಂಪುಟ 1973ರಲ್ಲಿ ಬಂದಾಗ 573 ಆಯಿತು. ಹೊಸ ಶಾಸನಗಳು ಸಿಕ್ಕಿದಂತೆಲ್ಲ ಕ್ರಮವನ್ನು ಹೊಸದಾಗಿ ಜೋಡಿಸಿದುದು ಸಹಜವೇ. ಆದರೆ ಅದರಿಂದಾಗಿ ‘ಶ್ರವಣಬೆಳಗೊಳ, ಇಷ್ಟನೆಯ ಸಂಖ್ಯೆ’ ಎಂದು ಮಾತ್ರ ಬರೆದ ಒಂದು ಹಳೆಯ ಲೇಖನವನ್ನು ಓದುವವನು, ಲೇಖಕ ಮೂರರಲ್ಲಿ ಯಾವ ಮುದ್ರಣವನ್ನು ಮುಂದಿಟ್ಟುಕೊಂಡಿದ್ದನೆಂದು ಊಹಿಸಬೇಕಾಯಿತು. ಒಂದು ಸಂಖ್ಯೆ ಮೂರು ಶಾಸನಗಳನ್ನು ಸೂಚಿಸಬಹುದು. ಒಂದು ಶಾಸನಕ್ಕೆ ಮೂರು ಸಂಖ್ಯೆಗಳಿರಬಹುದು. ತಾಳೆಪಟ್ಟಿಗಳಿಲ್ಲದೆ ಮುಂದೆ ಸಾಗುವಂತಿಲ್ಲ. ಇನ್ನು ಸಂಪುಟಗಳಲ್ಲಿ ಸೇರದೆ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಮೊದಲು ಬೆಳಕು ಕಂಡ ಶಾಸನಗಳಿಗೆ ವರ್ಷವೂ ಪುಟವೂ ಗುರುತು. ಹಲ್ಮಿಡಿ ಶಾಸನವೇ 1936ರ ವರದಿಯ ಮೂಲಕ ಲೋಕಕ್ಕೆ ಪರಿಚಯವಾದುದು.

ಈ ಅನುಭವದಿಂದ ಹೊರಡುವ ನಿಯಮಗಳು ಸರಳವಾಗಿವೆ. ಗುರುತುಸಂಖ್ಯೆಗೆ ಅರ್ಥವಿರಬಾರದು. ಒಮ್ಮೆ ಕೊಟ್ಟುದನ್ನು ಬದಲಿಸಬಾರದು. ಒಂದಕ್ಕೆ ಕೊಟ್ಟುದನ್ನು, ಆ ನಮೂದು ತೆಗೆದುಹೋದರೂ, ಇನ್ನೊಂದಕ್ಕೆ ಕೊಡಬಾರದು. 2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾ ಎಂಬ ಸಾರ್ವಜನಿಕ ದತ್ತಾಂಶಕೋಶ ಈ ನಿಯಮಗಳನ್ನು ಅನುಸರಿಸುತ್ತದೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ‘ಕ್ಯೂ’ ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆ. ಕರ್ಣಾಟಕ ರಾಜ್ಯ ಕ್ಯೂ 1185, ಕನ್ನಡ ಭಾಷೆ ಕ್ಯೂ 33673, ಮಹಾತ್ಮಾ ಗಾಂಧಿಯವರು ಕ್ಯೂ 1001. ಈ ಅಂಕಿಗಳಿಂದ ಏನೂ ತಿಳಿಯುವುದಿಲ್ಲ. ತಿಳಿಯದಿರುವುದೇ ಅವುಗಳ ಗುಣ. ಶಿವಮೊಗ್ಗೆಯ ಇಂಗ್ಲಿಷ್ ಹೆಸರು 2014ರಲ್ಲಿ ಬದಲಾಯಿತು. ಹೊನ್ನಾಳಿಯ ಜಿಲ್ಲೆ ಬದಲಾಯಿತು. ಇಂಥ ಬದಲಾವಣೆಗಳು ಸಂಖ್ಯೆಯ ಕೆಳಗೆ, ವರ್ಷದೊಡನೆ ಬರೆಯುವ ಹೇಳಿಕೆಗಳಾಗುತ್ತವೆ. ‘1997ರ ವರೆಗೆ ಶಿವಮೊಗ್ಗ ಜಿಲ್ಲೆ, ಅಲ್ಲಿಂದ ಮುಂದೆ ದಾವಣಗೆರೆ ಜಿಲ್ಲೆ’ ಎಂಬುದು ಒಂದು ನಮೂದಿನೊಳಗೇ ನಿಲ್ಲುತ್ತದೆ. ಹೆಸರುಗಳೂ ಹಾಗೆಯೇ: ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಎರಡು, ಶಾಸನದ ರೂಪ ಮತ್ತೊಂದು, ಎಲ್ಲವೂ ಒಂದೇ ಸಂಖ್ಯೆಗೆ ಅಂಟಿಕೊಂಡಿರುತ್ತವೆ.

ಊರುಗಳ ಮಟ್ಟಿಗೆ ಇಷ್ಟು ಸಾಕು. ಬೆಳಗುತ್ತಿ ಎಂಬ ಊರು ಇದೆಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ವ್ಯಕ್ತಿಗಳ ವಿಷಯ ಹಾಗಲ್ಲ. ಶಾಸನದಲ್ಲಿ ಸಿಕ್ಕುವುದು ಹೆಸರೇ ಹೊರತು ವ್ಯಕ್ತಿಯಲ್ಲ. ಈ ಹೆಸರಿನ ಹಿಂದೆ ಇರುವವನು ಆ ಹೆಸರಿನ ಹಿಂದೆ ಇರುವವನೇ ಎಂಬುದನ್ನು ನಾವು ಸಾಧಿಸಬೇಕು. ರಾಜರ ವಿಷಯದಲ್ಲಿಯೂ ಇದು ಸುಲಭವಲ್ಲ. ‘ತ್ರಿಭುವನಮಲ್ಲ’ ಎಂಬುದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಪ್ರಸಿದ್ಧ ಬಿರುದು; ಅವನ ಸಾಮಂತರಾಗಿದ್ದ ಹೊಯ್ಸಳರ ಹೆಸರಿನೊಡನೆಯೂ ಅದು ಬರುತ್ತದೆ. ‘ಜಗದೇಕಮಲ್ಲ’ ಎಂಬುದನ್ನು ಇಬ್ಬರು ಚಾಲುಕ್ಯ ಅರಸರು ಧರಿಸಿದ್ದರು: ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಜಯಸಿಂಹ, ಹನ್ನೆರಡನೆಯ ಶತಮಾನದಲ್ಲಿ ಇಮ್ಮಡಿ ಜಗದೇಕಮಲ್ಲ.

ಈ ಒಂದು ಬಿರುದಿನ ಸಂದಿಗ್ಧತೆ ಕನ್ನಡ ಸಾಹಿತ್ಯಚರಿತ್ರೆಗೆ ಎಷ್ಟು ತೊಂದರೆ ಕೊಟ್ಟಿತೆಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ಗಳನ್ನು ಬರೆದ ನಾಗವರ್ಮ ಜಗದೇಕಮಲ್ಲನಲ್ಲಿ ಕಟಕೋಪಾಧ್ಯಾಯನಾಗಿದ್ದನು. ಯಾವ ಜಗದೇಕಮಲ್ಲ? ಉತ್ತರವನ್ನು ಅವಲಂಬಿಸಿ ಕವಿಯ ಕಾಲ ಒಂದು ಶತಮಾನದಷ್ಟು ಹಿಂದುಮುಂದಾಗುತ್ತದೆ, ಮತ್ತು ವಿದ್ವಾಂಸರು ಎರಡು ಪಕ್ಷವಾಗಿದ್ದಾರೆ. ಇದರ ಮೇಲೆ, ‘ಛಂದೋಂಬುಧಿ’ಯನ್ನೂ ‘ಕರ್ಣಾಟಕ ಕಾದಂಬರಿ’ಯನ್ನೂ ಬರೆದ ಹತ್ತನೆಯ ಶತಮಾನದ ನಾಗವರ್ಮನೊಬ್ಬನಿದ್ದಾನೆ. ಇವರಿಬ್ಬರನ್ನು ಇಂದು ಒಂದನೆಯ, ಎರಡನೆಯ ನಾಗವರ್ಮರೆಂದು ಕರೆಯುವುದು ರೂಢಿ. ಈ ಒಂದು, ಎರಡು ಎಂಬ ಅಂಕಗಳು ಕವಿಗಳು ತಾವೇ ಇಟ್ಟುಕೊಂಡವಲ್ಲ. ಅವು ಸಂಶೋಧಕರು ಕೊಟ್ಟ ಗುರುತುಸಂಖ್ಯೆಗಳೇ ಸರಿ. ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು 1907ರಿಂದ 1929ರ ವರೆಗೆ ರಚಿಸಿದ ನರಸಿಂಹಾಚಾರ್ಯರ ದೊಡ್ಡ ಶ್ರಮಗಳಲ್ಲಿ ಇದೂ ಒಂದು: ಒಂದೇ ಹೆಸರಿನ ಕವಿಗಳನ್ನು ಬೇರೆಬೇರೆ ಮಾಡುವುದು, ಬೇರೆ ಹೆಸರಿನ ಒಬ್ಬನನ್ನು ಒಂದು ಮಾಡುವುದು.

ಎರಡನೆಯದಕ್ಕೂ ಉದಾಹರಣೆಗಳಿಗೆ ಕೊರತೆಯಿಲ್ಲ. ನಾಗಚಂದ್ರನು ತನ್ನನ್ನು ಅಭಿನವಪಂಪನೆಂದು ಕರೆದುಕೊಂಡನು. ಅವನ ‘ರಾಮಚಂದ್ರಚರಿತಪುರಾಣ’ಕ್ಕೆ ‘ಪಂಪರಾಮಾಯಣ’ವೆಂಬ ಹೆಸರು ನಿಂತಿತು. ‘ವಿಕ್ರಮಾರ್ಜುನವಿಜಯ’ಕ್ಕೆ ‘ಪಂಪಭಾರತ’ವೆಂದು ಹೆಸರು. ಕನ್ನಡವನ್ನು ಅರಿಯದ ಸೂಚಿಕಾರನೊಬ್ಬ ಪಂಪನ ಹೆಸರಿನಲ್ಲಿ ಎರಡನ್ನೂ ಒಂದೇ ಕಡೆ ಬರೆದರೆ ಅವನಿಗೆ ಆಧಾರವಾಗಿ ಗ್ರಂಥಗಳ ಹೆಸರೇ ಇದೆ. ಗದುಗಿನ ನಾರಣಪ್ಪನೂ ಕುಮಾರವ್ಯಾಸನೂ ಒಬ್ಬನೇ. ಅವನ ಕೃತಿ ‘ಕರ್ಣಾಟ ಭಾರತ ಕಥಾಮಂಜರಿ’, ‘ಗದುಗಿನ ಭಾರತ’, ‘ಕುಮಾರವ್ಯಾಸ ಭಾರತ’ ಎಂಬ ಮೂರು ಹೆಸರಿನಿಂದಲೂ ಗ್ರಂಥಾಲಯಗಳಲ್ಲಿದೆ. ಹೊಸಗನ್ನಡಕ್ಕೆ ಬಂದರೆ ಕೆ. ವಿ. ಪುಟ್ಟಪ್ಪನವರು ಕುವೆಂಪು, ಬೇಂದ್ರೆಯವರು ಅಂಬಿಕಾತನಯದತ್ತ, ಮಾಸ್ತಿಯವರು ಶ್ರೀನಿವಾಸ. ಇವರನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಇಂಗ್ಲಿಷ್ ಲಿಪಿಯಲ್ಲಿ, ಮೊದಲಕ್ಷರಗಳನ್ನು ಹಿಂದೆಮುಂದೆ ಮಾಡಿ, ಊರಿನ ಹೆಸರನ್ನು ಮನೆತನದ ಹೆಸರೆಂದು ಭ್ರಮಿಸಿ ಬರೆದ ಸೂಚಿಗಳಲ್ಲಿ ಇವರು ಎಷ್ಟು ಜನರಾಗಬಲ್ಲರೋ ಲೆಕ್ಕವಿಲ್ಲ. ಭಾರತೀಯ ಹೆಸರುಗಳನ್ನು ಸೂಚಿಯಲ್ಲಿ ಹೇಗೆ ಕೊಡಬೇಕೆಂಬ ಪ್ರಶ್ನೆ, 1934ರಲ್ಲಿಯೇ ಸೂಚೀಕರಣದ ಸಂಹಿತೆಯೊಂದನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರನ್ನು ಚಿಂತೆಗೆ ಹಚ್ಚಿದುದು ಸುಮ್ಮನೆ ಅಲ್ಲ.

ನಮ್ಮ ಪರಂಪರೆಯೂ ಒಂದು ಉಪಾಯವನ್ನು ಕಂಡುಕೊಂಡಿದ್ದಿತು; ಅದು ಅಂಕಿತ. ಬಳ್ಳಿಗಾವೆಯೊಡನೆ ಪರಂಪರೆ ಜೋಡಿಸುವ ಅಲ್ಲಮನಿಗೆ ‘ಗುಹೇಶ್ವರ’, ಉಡುತಡಿಯ ಅಕ್ಕಮಹಾದೇವಿಗೆ ‘ಚೆನ್ನಮಲ್ಲಿಕಾರ್ಜುನ’, ಪುರಂದರದಾಸರಿಗೆ ‘ಪುರಂದರವಿಠಲ’. ದಾಸಪಂಥದಲ್ಲಿ ಗುರುವಾದವನು ಶಿಷ್ಯನಿಗೆ ಅಂಕಿತವನ್ನು ಕೊಡುತ್ತಿದ್ದನೆಂಬುದನ್ನು ಗಮನಿಸಿದರೆ, ಹಂಚುವ ಅಧಿಕಾರಿಯೂ ಅಲ್ಲಿದ್ದನೆನ್ನಬೇಕು. ಅಂಕಿತ ಕೃತಿಯೊಳಗೇ ಇರುತ್ತದೆ. ಹೊತ್ತಗೆ ಹರಿದರೂ ಹಾಡು ಕರ್ತೃವನ್ನು ಮರೆಯುವುದಿಲ್ಲ. ಇದು ಸಂಖ್ಯೆಗಿಲ್ಲದ ಬಲ. ಆದರೆ ಪ್ರಸಿದ್ಧವಾದ ಅಂಕಿತವನ್ನು ಬೇರೊಬ್ಬನು ತನ್ನ ಪದಕ್ಕೆ ಹಚ್ಚುವುದನ್ನು ತಡೆಯುವ ಬಗೆ ಇರಲಿಲ್ಲ. ವಚನಕಾರ್ತಿಯರಲ್ಲಿ ಕಾಳವ್ವೆ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು; ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ, ಬಾಚಿಕಾಯಕದ ಬಸವಯ್ಯನ ಪುಣ್ಯಸ್ತ್ರೀ ಕಾಳವ್ವೆ ಎಂದು ಗಂಡನ ಹೆಸರಿನಿಂದ ಅವರನ್ನು ಬೇರ್ಪಡಿಸಬೇಕಾಗಿದೆ. ತನ್ನದೇ ಆದ ಗುರುತು ದೊರೆಯದೆ ಇನ್ನೊಬ್ಬರ ಹೆಸರಿನ ಬಾಲವಾಗಿ ಉಳಿದ ಇಂಥವರಿಗೆ ಒಂದು ಸ್ವತಂತ್ರ ಸಂಖ್ಯೆ ಸಿಕ್ಕುವುದು ಸಣ್ಣ ಮಾತಲ್ಲವೆಂದು ನಾವು ತಿಳಿಯುತ್ತೇವೆ.

ಈಗ ಗ್ರಂಥಾಲಯಗಳ ವ್ಯವಸ್ಥೆಯನ್ನು ನೋಡೋಣ. ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್, ಜರ್ಮನಿಯ ರಾಷ್ಟ್ರೀಯ ಗ್ರಂಥಾಲಯ, ಒ.ಸಿ.ಎಲ್.ಸಿ. ಎಂಬ ಸಂಸ್ಥೆ ಇವು 2003ರಲ್ಲಿ ಕೂಡಿಕೊಂಡು ‘ವಯಾಫ್’ ಎಂಬ ನಾಮಸೂಚಿಯನ್ನು ಆರಂಭಿಸಿದುವು. ಬೇರೆಬೇರೆ ದೇಶಗಳ ಗ್ರಂಥಾಲಯಗಳು ಒಬ್ಬ ಲೇಖಕನಿಗೆ ಕೊಟ್ಟ ಬೇರೆಬೇರೆ ಶೀರ್ಷಿಕೆಗಳನ್ನು ಇದು ಒಂದು ಗುಂಪಾಗಿ ಕಟ್ಟಿ, ಆ ಗುಂಪಿಗೆ ಒಂದು ಸಂಖ್ಯೆಯನ್ನು ಕೊಡುತ್ತದೆ. 2012ರಲ್ಲಿ ‘ಐ.ಎಸ್.ಎನ್.ಐ.’ ಎಂಬ ಹದಿನಾರು ಅಂಕಗಳ ಅಂತರರಾಷ್ಟ್ರೀಯ ನಾಮಸಂಖ್ಯೆ ಪ್ರಮಾಣವಾಗಿ ಹೊರಬಂದಿತು. ಅದೇ ವರ್ಷ ಬದುಕಿರುವ ಸಂಶೋಧಕರಿಗಾಗಿ ‘ಆರ್ಕಿಡ್’ ಬಂದಿತು. ಇದೂ ಹದಿನಾರು ಸ್ಥಾನಗಳದೇ. ಕೊನೆಯದು ಉಳಿದವುಗಳಿಂದ ಲೆಕ್ಕಹಾಕಿ ಪಡೆಯುವ ತಾಳೆಯ ಅಂಕ. ಬರೆಯುವಾಗ ಒಂದು ಅಂಕ ತಪ್ಪಿದರೆ ಅಥವಾ ಎರಡು ಪಕ್ಕದ ಅಂಕಗಳು ಅದಲುಬದಲಾದರೆ ಲೆಕ್ಕ ಕೂಡುವುದಿಲ್ಲ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಆರ್ಕಿಡ್ ಸಂಖ್ಯೆಯನ್ನು ಸಂಶೋಧಕನು ತಾನೇ ಪಡೆದು, ಯಾವ ವಿವರವನ್ನು ಬಹಿರಂಗಪಡಿಸಬೇಕೆಂಬುದನ್ನೂ ತಾನೇ ನಿರ್ಧರಿಸುತ್ತಾನೆ. ಒಂದೇ ಮೊದಲಕ್ಷರಗಳೂ ಒಂದೇ ಹೆಸರೂ ಇರುವ ಮೂವರು ನಾಲ್ವರು ಅಧ್ಯಾಪಕರು ಒಂದೇ ರಾಜ್ಯದಲ್ಲಿರುವುದು ಅಪರೂಪವಲ್ಲವಾದುದರಿಂದ, ಪ್ರಕಟಿಸುವ ಅಭ್ಯಾಸವಿರುವವರೆಲ್ಲರೂ ಅದನ್ನು ಪಡೆಯುವುದು ಉಚಿತ. (ಹನ್ನೆರಡು ಅಂಕಗಳ ಆಧಾರ್ ಸಂಖ್ಯೆಯನ್ನು ಇದರೊಡನೆ ಬೆರೆಸಬಾರದು. ಅದರ ಉದ್ದೇಶವೇ ಬೇರೆ. ಪ್ರಕಟಣೆಗಳಲ್ಲಿ ಅದಕ್ಕೆ ಎಡೆಯಿಲ್ಲ.)

ಕೃತಿಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. 1970ರಲ್ಲಿ ಪ್ರಮಾಣವಾಗಿ ರೂಪುಗೊಂಡ ಐ.ಎಸ್.ಬಿ.ಎನ್. ಕೃತಿಯ ಸಂಖ್ಯೆಯೆಂದು ಅನೇಕರು ತಿಳಿದಿದ್ದಾರೆ. ಅದು ಒಂದು ಪ್ರಕಾಶಕರ ಒಂದು ಆವೃತ್ತಿಯ ಸಂಖ್ಯೆ ಮಾತ್ರ. ರಟ್ಟಿನ ಕಟ್ಟಿಗೂ ಕಾಗದದ ಕಟ್ಟಿಗೂ ಬೇರೆ ಬೇರೆ ಸಂಖ್ಯೆಗಳು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ 1958ರ ‘ಕರ್ಣಾಟ ಭಾರತ ಕಥಾಮಂಜರಿ’ಗೆ ಐ.ಎಸ್.ಬಿ.ಎನ್. ಇರುವುದು ಶಕ್ಯವೇ ಇರಲಿಲ್ಲ. ಅಂತರರಾಷ್ಟ್ರೀಯ ಗ್ರಂಥಾಲಯ ಸಂಘಗಳ ಒಕ್ಕೂಟ 1998ರಲ್ಲಿ ಪ್ರಕಟಿಸಿದ ವರದಿಯೊಂದು ಇಲ್ಲಿ ನಾಲ್ಕು ಹಂತಗಳನ್ನು ಬೇರ್ಪಡಿಸುತ್ತದೆ. ನಮ್ಮ ಗ್ರಂಥಸಂಪಾದಕರ ಮಾತಿನಲ್ಲಿ ಅವನ್ನು ಕೃತಿ, ಪಾಠ, ಮುದ್ರಣ, ಪ್ರತಿ ಎನ್ನಬಹುದು. ತಾಳೆಯೋಲೆಗಳ ಪಾಠಾಂತರಗಳೊಡನೆ ಹೆಣಗಿದವರಿಗೆ ಈ ವಿಭಾಗ ಹೊಸದೆನಿಸದು. ಹೀಗೆ ನೋಡಿದರೆ ಕುಮಾರವ್ಯಾಸನ ಕಾವ್ಯ ಒಂದು ಕೃತಿ. 1958ರದು ಅದರ ಒಂದು ಪಾಠ, ಒಂದು ಮುದ್ರಣ. ನಮ್ಮ ಕಾಲೇಜಿನ ಕಪಾಟಿನಲ್ಲಿರುವುದು ಒಂದು ಪ್ರತಿ. ಶಾಸನಗಳಿಗೂ ಇದು ಅನ್ವಯಿಸುತ್ತದೆ. ಒಂದೇ ಕಲ್ಲಿನ ಮೇಲೆ ಬೇರೆಬೇರೆ ಕಾಲದ ಎರಡು ಶಾಸನಗಳಿರಬಹುದು. ಒಂದು ತಾಮ್ರಶಾಸನ ಐದು ಹಲಗೆಗಳಲ್ಲಿರಬಹುದು. ಸಂಖ್ಯೆ ಕಲ್ಲಿಗೋ ಬರೆಹಕ್ಕೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದ ಪಟ್ಟಿ ಹತ್ತು ನಮೂದುಗಳ ಒಳಗೇ ಗೊಂದಲಕ್ಕೆ ಈಡಾಗುತ್ತದೆ.

ಇಷ್ಟರಮಟ್ಟಿಗೆ ಗ್ರಂಥಪಾಲಕರು ಹಾಕಿಕೊಟ್ಟ ದಾರಿಯಲ್ಲಿ ನಾವು ಕೃತಜ್ಞತೆಯಿಂದ ನಡೆಯಬಹುದು. ನಮ್ಮ ಭಿನ್ನಾಭಿಪ್ರಾಯವಿರುವುದು ಒಂದು ಹಂತದಲ್ಲಿ. ಲಕ್ಷಗಟ್ಟಲೆ ನಮೂದುಗಳಿರುವಲ್ಲಿ ‘ಇವರಿಬ್ಬರೂ ಒಬ್ಬರೇ’ ಎಂಬ ತೀರ್ಮಾನವನ್ನು ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ. ಹೆಸರು, ಜನನಮರಣಗಳ ವರ್ಷ, ಕೃತಿಗಳ ಹೆಸರು ಇವುಗಳ ಹೋಲಿಕೆಯೇ ಆಧಾರ. ಮುದ್ರಣಯುಗದ ಲೇಖಕರಿಗೆ ಇದು ಸಾಕಾಗಬಹುದು. ಜನನವರ್ಷವೇ ಇಲ್ಲದ ಪ್ರಾಚೀನರಿಗೆ ಇದು ಅಪಾಯಕರ. ಏಕೆಂದರೆ ಇಲ್ಲಿ ಎರಡು ಬಗೆಯ 1ತಪ್ಪುಗಳಿವೆ, ಮತ್ತು ಅವು ಸಮಾನವಲ್ಲ. ಒಬ್ಬನೇ ಆದವನಿಗೆ ಎರಡು ಸಂಖ್ಯೆಗಳನ್ನು ಕೊಟ್ಟಿದ್ದರೆ, ಸತ್ಯ ತಿಳಿದ ದಿನ ಒಂದನ್ನು ಇನ್ನೊಂದರ ಕಡೆಗೆ ತಿರುಗಿಸಿದರೆ ಮುಗಿಯಿತು. ಹಳೆಯ ಸಂಖ್ಯೆಯನ್ನು ಉಲ್ಲೇಖಿಸಿದವರೂ ಸರಿಯಾದ ಸ್ಥಳಕ್ಕೇ ಬಂದು ಸೇರುತ್ತಾರೆ. ಇಬ್ಬರಾದವರನ್ನು ಒಂದು ಸಂಖ್ಯೆಯೊಳಗೆ ತುರುಕಿದರೆ ಹಾಗಾಗದು. ಆ ಸಂಖ್ಯೆಯನ್ನು ನಂಬಿ ನೂರು ಜನ ನೂರು ಹೇಳಿಕೆಗಳನ್ನು ಅದಕ್ಕೆ ಕಟ್ಟಿರುತ್ತಾರೆ. ಯಾವುದು ಯಾರದೆಂದು ಒಂದೊಂದನ್ನಾಗಿ ಬಿಡಿಸಬೇಕು, ಮತ್ತು ಬಿಡಿಸುವುದಕ್ಕೆ ಬೇಕಾದ ಕುರುಹು ಕೂಡಿಸುವಾಗಲೇ ಅಳಿಸಿಹೋಗಿರುತ್ತದೆ. ಆದುದರಿಂದ ಸಾಧಿತವಾಗುವವರೆಗೆ ಬೇರೆಯಾಗಿಯೇ ಇಡತಕ್ಕದ್ದು.

ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಪ್ರಸಂಗ ಇದಕ್ಕೆ ಒಳ್ಳೆಯ ಪರೀಕ್ಷೆ. ಆ ಹೆಸರಿನ ಸಹಿ 1196ರ ಅಮೃತಾಪುರದ ದೇವಾಲಯದಲ್ಲಿದೆ; ಹದಿಮೂರನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಹಲವು ವಿಗ್ರಹಗಳ ಕೆಳಗಿದೆ. ನಡುವಣ ಅಂತರ ಅರುವತ್ತು ವರ್ಷಗಳಿಗೂ ಮೇಲ್ಪಟ್ಟುದು. ಅರುವತ್ತು ವರ್ಷ ಉಳಿ ಹಿಡಿದ ಒಬ್ಬ ದೀರ್ಘಾಯುಷಿಯನ್ನು ಅನೇಕರು ಕಂಡಿದ್ದಾರೆ. ಇರಬಹುದು. ಆದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ನಾಡಿನಲ್ಲಿ, ಕಸುಬು ಮನೆತನದಲ್ಲಿ ಇಳಿದು ಬರುತ್ತಿದ್ದ ಕಾಲದಲ್ಲಿ, ಅಜ್ಜ ಮೊಮ್ಮಕ್ಕಳಿಬ್ಬರನ್ನು ಊಹಿಸುವುದಕ್ಕೂ ಅಷ್ಟೇ ಅವಕಾಶವಿದೆ. ದತ್ತಾಂಶಕೋಶದಲ್ಲಿ ಎಲ್ಲ ಸಹಿಗಳನ್ನೂ ನೇರವಾಗಿ ‘ಮಲ್ಲಿತಮ್ಮ’ ಎಂಬ ಒಂದು ಸಂಖ್ಯೆಗೆ ಸೇರಿಸಿಬಿಟ್ಟರೆ ಈ ಪ್ರಶ್ನೆಯನ್ನು ಮುಂದೆ ಯಾರೂ ಕೇಳುವಂತೆಯೇ ಇರುವುದಿಲ್ಲ. ಬಳ್ಳಿಗ್ರಾಮೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ತಮ್ಮ ಊರನ್ನೋ ತಂದೆಯನ್ನೋ ಹೇಳಿ ಸಹಿಮಾಡಿದ್ದರಿಂದ ಅವರ ಮಟ್ಟಿಗೆ ನಮ್ಮ ಕೆಲಸ ಸುಲಭವಾಗಿದೆ. ಊರು ಹೇಳದ ದಾಸೋಜನೊಬ್ಬನು ಬೇರೆಲ್ಲಾದರೂ ಸಿಕ್ಕಿದರೆ ಅವನನ್ನು ಇವನೆಂದು ಕರೆಯುವ ಮೊದಲು ಯೋಚಿಸಬೇಕು.

ಇದಕ್ಕೆ ಪರಿಹಾರವಾಗಿ ಎರಡು ಬಗೆಯ ಸಂಖ್ಯೆಗಳನ್ನು ಇಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ. ಮೊದಲನೆಯದು ಉಲ್ಲೇಖದ ಸಂಖ್ಯೆ: ಇಂಥ ಶಾಸನದ ಇಂಥ ಸಾಲಿನಲ್ಲಿ ಇಂಥ ಹೆಸರು ಬಂದಿದೆ. ಇದರಲ್ಲಿ ಊಹೆಯಿಲ್ಲ, ಕಲ್ಲು ಇರುವವರೆಗೆ ಇದು ನಿಜ. ಎರಡನೆಯದು ವ್ಯಕ್ತಿಯ ಸಂಖ್ಯೆ: ಇಂಥಿಂಥ ಉಲ್ಲೇಖಗಳು ಒಬ್ಬನವೇ ಎಂದು ಇಂಥ ಆಧಾರದಿಂದ ಇಂಥವರು ತೀರ್ಮಾನಿಸಿದ್ದಾರೆ. ಇದು ಬದಲಾಗಬಹುದು, ಬದಲಾದರೆ ಉಲ್ಲೇಖಗಳಿಗೆ ಧಕ್ಕೆಯಿಲ್ಲ. ಇದು ಕೇವಲ ನಮ್ಮ ಕಲ್ಪನೆಯಲ್ಲ. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ‘ಟ್ರಿಸ್ಮೆಗಿಸ್ಟಾಸ್’ ಎಂಬ ಕೋಶವು ಪ್ರಾಚೀನ ಈಜಿಪ್ಟಿನ ಪಪೈರಸ್ ಬರೆಹಗಳಿಗೆ ಅರ್ಥರಹಿತವಾದ ಸಂಖ್ಯೆಗಳನ್ನು ಕೊಟ್ಟುದಲ್ಲದೆ, ಹೆಸರು, ಹೆಸರಿನ ಉಲ್ಲೇಖ, ವ್ಯಕ್ತಿ ಈ ಮೂರನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ನೆರೆಯ ತಮಿಳುನಾಡಿನ ಸಾಮಗ್ರಿಯ ಮೇಲೆ ನೊಬೊರು ಕರಶಿಮ, ವೈ. ಸುಬ್ಬರಾಯಲು, ತೋರು ಮತ್ಸುಯಿ ಇವರು ಚೋಳ ಶಾಸನಗಳಲ್ಲಿನ ಹೆಸರುಗಳ ಅನುಕ್ರಮಣಿಯನ್ನು 1978ರಲ್ಲಿಯೇ ಹೊರತಂದರು. ಕನ್ನಡ ಶಾಸನಗಳ ಸಂಖ್ಯೆ ಅದಕ್ಕೆ ಕಡಮೆಯಿಲ್ಲ. ಅಂಥ ಕೆಲಸ ನಮ್ಮಲ್ಲಿಯೂ ನಡೆಯಬೇಕಾಗಿದೆ.

ವಿಕಿಡೇಟಾದಲ್ಲಿಯೂ ಇದಕ್ಕೆ ಸ್ವಲ್ಪಮಟ್ಟಿಗೆ ಅನುಕೂಲವಿದೆಯೆಂಬುದು ಸಂತೋಷದ ವಿಷಯ. ಎರಡು ನಮೂದುಗಳ ನಡುವೆ ‘ಇದರಿಂದ ಭಿನ್ನ’ ಎಂಬ ಹೇಳಿಕೆಯನ್ನು ಬರೆಯಬಹುದು. ಪಂಪ ನಾಗಚಂದ್ರರ ನಡುವೆ ಅಥವಾ ಇಬ್ಬರು ನಾಗವರ್ಮರ ನಡುವೆ ಇದನ್ನು ಬರೆದರೆ ಮುಂದೆ ಬರುವ ಉತ್ಸಾಹಿಯೊಬ್ಬ ಅವರನ್ನು ಕೂಡಿಸುವ ಮೊದಲು ತಡೆಯುತ್ತಾನೆ. ‘ಇವನೇ ಅವನೆಂದು ಹೇಳಲಾಗಿದೆ’ ಎಂಬ ಅರ್ಥದ ಇನ್ನೊಂದು ಹೇಳಿಕೆಯೂ ಇದೆ. ವಿವಾದಾಸ್ಪದವಾದ ಸಮೀಕರಣವನ್ನು, ಯಾರು ಹೇಳಿದರೆಂಬ ಆಧಾರದೊಡನೆ, ತೀರ್ಪು ಕೊಡದೆ ದಾಖಲಿಸಲು ಇದು ತಕ್ಕುದು. ಯಾರು ಬೇಕಾದರೂ ತಿದ್ದಬಹುದಾದ ಕೋಶದಲ್ಲಿ ವಿದ್ವಾಂಸರು ಕೈಹಾಕಬಾರದೆಂದು ಕೆಲವರು ಆಕ್ಷೇಪಿಸುತ್ತಾರೆ. ನಾವು ಕೈಹಾಕದಿದ್ದರೂ ಅದು ತುಂಬುತ್ತಲೇ ಇರುತ್ತದೆ. ಕನ್ನಡವನ್ನು ಅರಿಯದವರು ಇಂಗ್ಲಿಷ್ ಸೂಚಿಗಳಿಂದ ಅದನ್ನು ತುಂಬುತ್ತಾರೆ, ಅಲ್ಲಿಂದ ಇತರರು ಎತ್ತಿಕೊಳ್ಳುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿರುವ ಭಾಗವೆಂದರೆ, ಆಧಾರವಿಲ್ಲದ ಹೇಳಿಕೆಗೂ ಆಧಾರವಿರುವುದಕ್ಕೂ ನೋಡುವವನ ಕಣ್ಣಿಗೆ ಒಂದೇ ಬೆಲೆ ಬರುವ ಭಯ. ಅದಕ್ಕೆ ಆಧಾರವನ್ನು ಬರೆಯುವುದೊಂದೇ ಮದ್ದು.

ಸವಳಂಗದ ಸೀಮೆಯ ಪಟ್ಟಿಗೆ ಮರಳುವುದಾದರೆ, ಅದನ್ನು ತಯಾರಿಸುವ ವಿದ್ಯಾರ್ಥಿ ಪ್ರತಿ ಶಾಸನಕ್ಕೂ ಒಂದು ಚೀಟಿಯನ್ನು ಇಡಲಿ. ಮೇಲೆ ಅರ್ಥವಿಲ್ಲದ ಒಂದು ಕ್ರಮಸಂಖ್ಯೆ. ಅದರಲ್ಲಿ ನ್ಯಾಮತಿಯ ‘ನ್ಯಾ’ ಆಗಲಿ ಹೊನ್ನಾಳಿಯ ‘ಹೊ’ ಆಗಲಿ ಬೇಡ. ಕೆಳಗೆ ರೈಸ್ ಅವರ ಸಂಪುಟ, ಮುದ್ರಣವರ್ಷ, ತಾಲ್ಲೂಕು, ಸಂಖ್ಯೆ. ಬೇರೆ ಕಡೆ ಪ್ರಕಟವಾಗಿದ್ದರೆ ಅದೂ. ಊರಿನ ಹೆಸರು ಶಾಸನದಲ್ಲಿರುವಂತೆ ಒಮ್ಮೆ, ಇಂದಿನ ಬಳಕೆಯಂತೆ ಒಮ್ಮೆ. ಕಲ್ಲು ಈಗ ನಿಂತಿರುವ ಸ್ಥಳ, ನೋಡಿದ ತಾರೀಖು. ಕೆರೆಯ ಏರಿಯಿಂದ ಗುಡಿಯ ಅಂಗಳಕ್ಕೆ ಬಂದ ಕಲ್ಲುಗಳು ಎಲ್ಲೆಲ್ಲಿಯೂ ಇವೆ. ಆಮೇಲೆ ಒಂದೊಂದು ಹೆಸರಿಗೂ ಬೇರೆ ಚೀಟಿ: ಸಾಲು, ಹೆಸರಿನ ರೂಪ, ಬಿರುದು, ತಂದೆ, ಊರು, ಕಸುಬು. ‘ಇವನೇ ಆ ಈಶ್ವರದೇವ’ ಎಂಬ ಮಾತು ಈ ಚೀಟಿಯಲ್ಲಿ ಬರಕೂಡದು. ಅದಕ್ಕೆ ಮೂರನೆಯ ಬಗೆಯ ಚೀಟಿ, ಅದರ ಮೇಲೆ ಬರೆದವನ ಹೆಸರೂ ಕಾರಣವೂ.

ಈ ಸೀಮೆಯಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಇವೆ. ಅಂಥ ಕಲ್ಲುಗಳಲ್ಲಿ ಕೆಲವಕ್ಕೆ ಅಕ್ಷರವೇ ಇರುವುದಿಲ್ಲ. ಕೆಲವು ಸವೆದು ಓದಲು ಬಾರವು. ಹೆಸರನ್ನೇ ಆಧಾರವಾಗಿಟ್ಟುಕೊಂಡ ಸೂಚಿಗಳಲ್ಲಿ ಅವುಗಳ ಮೇಲೆ ಕೆತ್ತಿರುವ ಸ್ತ್ರೀಪುರುಷರಿಗೆ ಸ್ಥಾನವಿಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತವನೊಬ್ಬನು, ಅವನ ಹೆಸರು ನಮಗೆ ತಿಳಿಯದಿದ್ದರೂ, ಒಬ್ಬ ವ್ಯಕ್ತಿಯೇ. ಅವನಿಗೂ ಒಂದು ಚೀಟಿಯನ್ನು ಬರೆದು, ಹೆಸರಿನ ಸ್ಥಳವನ್ನು ಖಾಲಿ ಬಿಟ್ಟು, ಸಂಖ್ಯೆಯನ್ನು ಕೊಡತಕ್ಕದ್ದು.